ಮಳೆ ಕಾಣದ ಮಣ್ಣು: ಹಸಿರುಮನೆಯ ಟೊಮೆಟೊ ಮತ್ತು ಗೊಬ್ಬರದ ಆಯ್ಕೆ

ಟೊಮೆಟೊ ಇಲ್ಲದ ಅಡಿಗೆಮನೆಯನ್ನು ಇಂದು ನಮ್ಮ ನಾಡಿನಲ್ಲಿ ಹುಡುಕಿ ನೋಡಬೇಕು. ದಕ್ಷಿಣ ಅಮೆರಿಕದ ಬೆಟ್ಟಸೀಮೆಯಿಂದ ಹೊರಟು, ಯುರೋಪಿಯನ್ನರ ಹಡಗನ್ನೇರಿ ಭಾರತಕ್ಕೆ ಬಂದ ಈ ಹಣ್ಣು, ಹೊರಗಿನಿಂದ ಬಂದು ಮನೆಯನ್ನೇ ತುಂಬಿದ ಸೊಸೆಯಂತೆ ನಮ್ಮ ಸಾರು, ಗೊಜ್ಜು, ಚಟ್ನಿಗಳಲ್ಲಿ ನೆಲೆಯೂರಿದೆ. ಆದರೆ ಇದರ ಬೆಲೆಯಷ್ಟು ಚಂಚಲವಾದುದು ಮತ್ತೊಂದಿಲ್ಲ. 2023ರ ಜುಲೈ ತಿಂಗಳಲ್ಲಿ ಕಿಲೋ ಒಂದಕ್ಕೆ ನೂರು ರೂಪಾಯಿಗಳನ್ನು ದಾಟಿ ಗೃಹಿಣಿಯರನ್ನು ಕಂಗೆಡಿಸಿದ ಅದೇ ಟೊಮೆಟೊ, ಬೇರೆ ಸಮಯಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆಯ ಬದಿಯನ್ನು ಸೇರಿದುದನ್ನು ಎಲ್ಲರೂ ಬಲ್ಲರು. ಹೊಲದ ಬೆಳೆ ಮಾರುಕಟ್ಟೆಗೆ ಬಾರದ ದಿನಗಳಲ್ಲಿ ತಾನು ಹಣ್ಣು ತರಬೇಕು, ಒಂದೇ ಗಾತ್ರದ, ಕಲೆಯಿಲ್ಲದ ಹಣ್ಣು ತರಬೇಕು ಎಂಬ ಹಂಬಲವೇ ಇಂದು ಅನೇಕ ಒಕ್ಕಲು ಮನೆತನಗಳನ್ನು ಹಸಿರುಮನೆಯ ಕಡೆಗೆ ಸೆಳೆದಿದೆ.

ಹಸಿರುಮನೆ, ಅಂದರೆ ಜನರ ಬಾಯಲ್ಲಿರುವ ಪಾಲಿಹೌಸ್, ಕಬ್ಬಿಣದ ಕೊಳವೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮನೆ. ರಾಷ್ಟ್ರೀಯ ತೋಟಗಾರಿಕೆ ಮಿಷನ್ ಹಾಗೂ ನಮ್ಮ ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಗಳ ಸಹಾಯಧನದಿಂದ ಇಂತಹ ಮನೆಗಳು ಬಯಲುಸೀಮೆಯ ಊರೂರುಗಳಲ್ಲಿ ತಲೆಯೆತ್ತಿದವು. ದಪ್ಪ ಮೆಣಸಿನಕಾಯಿ ಮತ್ತು ಹೂವಿನ ಬೆಳೆಗಳದೇ ಇವುಗಳಲ್ಲಿ ಮೇಲುಗೈ. ಆದರೂ ಟೊಮೆಟೊ ಬೆಳೆಯುವವರೂ ಉಂಟು. ಸಹಾಯಧನ ಕಳೆದು ಉಳಿದ ಹಣಕ್ಕೆ ಬ್ಯಾಂಕಿನ ಸಾಲವೇ ಆಧಾರ. ಸಾಲದ ಕಂತುಗಳು ಹಲವು ವರ್ಷಗಳ ಉದ್ದಕ್ಕೂ ಬರುತ್ತಿರುತ್ತವೆ. ಆದರೆ ಹಾಳೆಯ ಕೆಳಗಿನ ಮಣ್ಣು ಅಷ್ಟು ವರ್ಷ ಫಲ ಕೊಡುವುದೇ? ಪಟ್ಟಣದ ನೌಕರಿ ಬಿಟ್ಟು ಊರಿಗೆ ಮರಳಿದ ಮಗನ ಭವಿಷ್ಯ ಈ ಒಂದು ಪ್ರಶ್ನೆಯ ಮೇಲೆ ನಿಂತಿರುತ್ತದೆ. ಅದಕ್ಕೆ ಉತ್ತರವಾದರೋ ಬಹುಮಟ್ಟಿಗೆ ಗೊಬ್ಬರದ ಚೀಲದಲ್ಲಿ ಅಡಗಿದೆ.

ಹೊಲದ ಮಣ್ಣಿಗೂ ಹಸಿರುಮನೆಯ ಮಣ್ಣಿಗೂ ಇರುವ ಮುಖ್ಯ ಅಂತರವೆಂದರೆ ಮಳೆ. ಹೊಲದಲ್ಲಿ ನಾವು ಹಾಕಿದ ಗೊಬ್ಬರದಲ್ಲಿ ಬೆಳೆ ಉಣ್ಣದೆ ಬಿಟ್ಟ ಲವಣಗಳನ್ನು ಮುಂಗಾರು, ಹಿಂಗಾರುಗಳು ತೊಳೆದು ಆಳಕ್ಕೆ ಒಯ್ಯುತ್ತವೆ. ಇದರಿಂದ ಅಂತರ್ಜಲ ಕೆಡುವುದು ನಿಜ. ಬೇರಿನ ಸುತ್ತಣ ಮಣ್ಣು ಮಾತ್ರ ವರ್ಷಕ್ಕೊಮ್ಮೆ ಹಗುರಾಗುತ್ತದೆ. ಹಾಳೆಯ ಕೆಳಗೆ ಈ ತೊಳೆಯುವಿಕೆ ಇಲ್ಲ. ಹನಿ ನೀರಾವರಿಯ ನೀರು ಬೇರಿನ ವಲಯವನ್ನು ತೋಯಿಸುತ್ತದೆ. ಬಿಸಿಗೆ ಆ ನೀರು ಮೇಲಕ್ಕೆ ಆವಿಯಾಗಿ ಹೋಗುವಾಗ ತನ್ನಲ್ಲಿ ಕರಗಿದ ಲವಣವನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಎರಡು ಮೂರು ಬೆಳೆಗಳ ನಂತರ ಮಡಿಯ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿಯ ಪದರ ಕಾಣಿಸಿಕೊಂಡರೆ ಅದು ಈ ಲವಣವೇ. ಆದುದರಿಂದ ಹಸಿರುಮನೆಯವನು ಗೊಬ್ಬರವನ್ನು ಆರಿಸುವಾಗ ಅದರಲ್ಲಿ ಗಿಡಕ್ಕೆ ಏನು ಸಿಗುತ್ತದೆ ಎಂಬುದರ ಜೊತೆಗೆ, ಗಿಡ ಉಂಡು ಬಿಟ್ಟ ಮೇಲೆ ಮಣ್ಣಿನಲ್ಲಿ ಏನು ಉಳಿಯುತ್ತದೆ ಎಂಬುದನ್ನೂ ಕೇಳಬೇಕು. ಅಂಗಡಿಯಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ನೀರು ತರುವ ಲವಣವನ್ನೂ ಇಲ್ಲಿಯೇ ಲೆಕ್ಕಕ್ಕೆ ಹಿಡಿಯೋಣ. ಹತ್ತು ಗುಂಟೆಯ ಹಸಿರುಮನೆ ಎಂದರೆ ಸುಮಾರು 1000 ಚದರ ಮೀಟರು. ಚದರ ಮೀಟರಿಗೆ ದಿನಕ್ಕೆ 3 ಲೀಟರು ನೀರು ಕೊಟ್ಟರೆ 200 ದಿನಗಳಲ್ಲಿ 6 ಲಕ್ಷ ಲೀಟರು ಆಗುತ್ತದೆ. ಕೊಳವೆಬಾವಿಯ ನೀರಿನ ವಿದ್ಯುತ್ ವಾಹಕತೆ, ಎಂದರೆ ಅದರ ಲವಣದ ಅಳತೆ, 1 ಡೆಸಿಸೀಮನ್ಸ್ ಇದ್ದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣವಿದೆ ಎಂದು ಅರ್ಥ. ಒಟ್ಟಿಗೆ ಕೂಡಿದರೆ 380 ಕಿಲೋಗ್ರಾಂಗಳಿಗೂ ಹೆಚ್ಚು! ಇದರಲ್ಲಿ ಸ್ವಲ್ಪವನ್ನು ಗಿಡ ಹೀರಿಕೊಳ್ಳುತ್ತದೆ. ಉಳಿದುದು ಅಲ್ಲಿಯೇ ಉಳಿಯುತ್ತದೆ. ಒಂದು ಚೀಲ ಗೊಬ್ಬರವನ್ನೂ ಹಾಕುವ ಮುನ್ನವೇ ಇಷ್ಟು ಲವಣ ಒಳಗೆ ಬಂದಿರುತ್ತದೆ ಎಂಬುದು ನೆನಪಿರಲಿ. ಬಾವಿಯ ನೀರನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸದೆ ಹಸಿರುಮನೆ ಕಟ್ಟಿಸುವುದು, ಹೆಣ್ಣಿನ ಮನೆ ನೋಡದೆ ಲಗ್ನಪತ್ರಿಕೆ ಬರೆಸಿದಂತೆ.

ಟೊಮೆಟೊ ಗಿಡ ಲವಣವನ್ನು ಎಷ್ಟರ ಮಟ್ಟಿಗೆ ತಾಳಬಲ್ಲದು? ಅಮೆರಿಕದ ಸಂಶೋಧಕರಾದ ಮಾಸ್ ಮತ್ತು ಹಾಫ್‌ಮನ್ ಅವರು 1977ರಲ್ಲಿ ಪ್ರಕಟಿಸಿದ ಪಟ್ಟಿ ಇಂದಿಗೂ ಪ್ರಮಾಣವೆನಿಸಿದೆ. ಅದರ ಪ್ರಕಾರ ಮಣ್ಣಿನ ಲವಣದ ಅಳತೆ 2.5 ಡೆಸಿಸೀಮನ್ಸ್ ದಾಟಿದ ಮೇಲೆ, ಏರುವ ಒಂದೊಂದು ಅಂಶಕ್ಕೂ ಟೊಮೆಟೊ ಇಳುವರಿ ಶೇಕಡಾ 10ರಷ್ಟು ಕುಸಿಯುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಅಳತೆಯು ಮಣ್ಣನ್ನು ನೀರಿನಿಂದ ಕೆಸರಿನಂತೆ ಮಾಡಿ, ಅದರಿಂದ ಬಸಿದ ದ್ರಾವಣದ್ದು. ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಮಣ್ಣಿಗೆ ಎರಡು, ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ನೀರು ಹೆಚ್ಚಾದುದರಿಂದ ಅಲ್ಲಿ ಅಂಕಿ ಬಹಳ ಕೆಳಗೆ ಬರುತ್ತದೆ. ಆ ಅಂಕಿಯನ್ನು ಈ ಅಂಕಿಯೊಡನೆ ಹೋಲಿಸಿ ನಮ್ಮ ಮಣ್ಣು ಕ್ಷೇಮವೆಂದು ನೆಮ್ಮದಿಯಿಂದ ಇರುವಂತಿಲ್ಲ.

ಗಿಡದ ಊಟದ ಲೆಕ್ಕ

ಟನ್ ಒಂದರಷ್ಟು ಟೊಮೆಟೊ ಹಣ್ಣು ಬೆಳೆಯಲು ಗಿಡಗಳು ಮಣ್ಣಿನಿಂದ ಸುಮಾರು ಎರಡೂವರೆಯಿಂದ ಮೂರು ಕಿಲೋ ಸಾರಜನಕ, ಒಂದು ಕಿಲೋಗೂ ಕಡಿಮೆ ರಂಜಕ, ನಾಲ್ಕರಿಂದ ಐದು ಕಿಲೋ ಪೊಟ್ಯಾಷ್ ತೆಗೆದುಕೊಳ್ಳುತ್ತವೆ. ಈ ಮೂರರ ನಡುವಣ ಪ್ರಮಾಣವನ್ನು ಓದುಗರು ಗಮನಿಸಬೇಕು. ಟೊಮೆಟೊ ಪೊಟ್ಯಾಷ್ ಪ್ರಿಯ ಬೆಳೆ. ರಂಜಕ ಅದಕ್ಕೆ ಉಪ್ಪಿನಕಾಯಿಯಷ್ಟು ಸಾಕು. ನಮ್ಮ ಹತ್ತು ಗುಂಟೆಯಲ್ಲಿ ಚದರ ಮೀಟರಿಗೆ 12 ಕಿಲೋ ಹಣ್ಣಿನಂತೆ 12 ಟನ್ ಬಂದಿತೆಂದು ಹಿಡಿದರೆ, ಬೆಳೆಗೆ ಬೇಕಾದುದು ಸುಮಾರು 33 ಕಿಲೋ ಸಾರಜನಕ, 10 ಕಿಲೋ ರಂಜಕ, 54 ಕಿಲೋ ಪೊಟ್ಯಾಷ್.

ಈಗ ನಮ್ಮ ಕಡೆ ರೂಢಿಯಲ್ಲಿರುವ ಗೊಬ್ಬರಗಳನ್ನು ಈ ತಕ್ಕಡಿಯಲ್ಲಿ ತೂಗಿ ನೋಡೋಣ. ಡಿಎಪಿ ಎಂದರೆ ರೈತರಿಗೆ ಎಲ್ಲಿಲ್ಲದ ಭರವಸೆ. ಅದರಲ್ಲಿ ನೂರು ಕಿಲೋಗೆ 18 ಕಿಲೋ ಸಾರಜನಕ, 46 ಕಿಲೋ ರಂಜಕವಿದೆ. ಪೊಟ್ಯಾಷ್ ಇಲ್ಲವೇ ಇಲ್ಲ. ಎರಡು ಚೀಲ ಹಾಕಿದರೆ ಬೆಳೆ ಕೇಳಿದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ರಂಜಕ ಒಂದೇ ಹಂಗಾಮಿನಲ್ಲಿ ಮಣ್ಣು ಸೇರುತ್ತದೆ. ರಂಜಕ ಮಣ್ಣಿನಲ್ಲಿ ಹೆಚ್ಚು ಚಲಿಸುವುದಿಲ್ಲ. ಇದ್ದಲ್ಲಿಯೇ ಗಟ್ಟಿಯಾಗಿ ಕೂರುತ್ತದೆ. ಅದು ಅತಿಯಾದಾಗ ಗಿಡಕ್ಕೆ ಸತು ದೊರೆಯುವುದು ಕಷ್ಟವಾಗುತ್ತದೆ, ಎಲೆಗಳು ಕಿರಿದಾಗುತ್ತವೆ. ಆಗ ಅಂಗಡಿಯಿಂದ ಸತುವಿನ ಪೊಟ್ಟಣ ಬರುತ್ತದೆ. ಒಂದು ಚೀಲ ಮಾಡಿದ ತೊಂದರೆಗೆ ಇನ್ನೊಂದು ಪೊಟ್ಟಣ ಮದ್ದಾಗುವ ಈ ವ್ಯವಹಾರದಲ್ಲಿ ಲಾಭ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹನಿ ನೀರಿನಲ್ಲಿ ಕರಗಿಸಿ ಕೊಡುವ ಗೊಬ್ಬರಗಳಲ್ಲಿ 19:19:19 ಬಹು ಜನಪ್ರಿಯ. ಮೂರೂ ಸಮವಾಗಿವೆ, ಆದುದರಿಂದ ಸಮತೋಲನದ ಗೊಬ್ಬರವೆಂಬ ನಂಬಿಕೆ. ಗಿಡಕ್ಕೆ ಬೇಕಾದುದು ಸಮ ಪಾಲು ಅಲ್ಲವಲ್ಲ! 33 ಕಿಲೋ ಸಾರಜನಕ ಬರುವಷ್ಟು, ಎಂದರೆ ಸುಮಾರು 174 ಕಿಲೋ, ಇದನ್ನು ಕೊಟ್ಟರೆ ರಂಜಕ 33 ಕಿಲೋ ಬಂದು ಮೂರು ಪಟ್ಟಾಗುತ್ತದೆ. ಪೊಟ್ಯಾಷ್ ಅದೇ 33 ಕಿಲೋ ಬಂದು 21 ಕಿಲೋ ಕಡಿಮೆ ಬೀಳುತ್ತದೆ. ಸಸಿ ನಾಟಿಯಾದ ಮೊದಲ ಕೆಲವು ವಾರ ಬೇರು ಹಿಡಿಯುವ ಕಾಲಕ್ಕೆ ಈ ಗೊಬ್ಬರ ಒಳ್ಳೆಯದೇ. ಕಾಯಿ ಕಚ್ಚಿದ ಮೇಲೆಯೂ ಅದನ್ನೇ ಮುಂದುವರಿಸಿದರೆ ಹಣ್ಣು ಮಾಗುವಾಗ ತೊಟ್ಟಿನ ಭುಜದಲ್ಲಿ ಹಳದಿಯ ಪಟ್ಟೆ ಉಳಿದುಬಿಡುತ್ತದೆ, ಒಳಗಿನ ತಿರುಳು ಗಟ್ಟಿ ಬಿಳುಪಾಗಿರುತ್ತದೆ, ರುಚಿ ಸಪ್ಪೆಯಾಗುತ್ತದೆ. ಪೊಟ್ಯಾಷ್ ಕೊರತೆಯ ಕುರುಹುಗಳಿವು. ಮಾರುಕಟ್ಟೆಯಲ್ಲಿ ಇಂತಹ ಹಣ್ಣಿಗೆ ಎರಡನೆಯ ದರ್ಜೆಯ ಬೆಲೆ.

ಪೊಟ್ಯಾಷ್ ಕೊಡುವ ಗೊಬ್ಬರದಲ್ಲಿಯೂ ಭೇದವಿದೆ. ಕೆಂಪು ಬಣ್ಣದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಗ್ಗ, ಶೇಕಡಾ 60ರಷ್ಟು ಪೊಟ್ಯಾಷ್ ಇದರಲ್ಲಿದೆ. ಆದರೆ 54 ಕಿಲೋ ಪೊಟ್ಯಾಷ್‌ಗಾಗಿ 90 ಕಿಲೋ ಹಾಕಿದಾಗ ಜೊತೆಯಲ್ಲಿ ಸುಮಾರು 42 ಕಿಲೋ ಕ್ಲೋರೈಡ್ ಬರುತ್ತದೆ. ಇದು ಗಿಡಕ್ಕೆ ಲೇಶಮಾತ್ರ ಸಾಕಾಗುವ ವಸ್ತು. ಉಳಿದುದೆಲ್ಲ ಹಾಳೆಯ ಕೆಳಗೆ ಉಪ್ಪಾಗಿ ಉಳಿಯುತ್ತದೆ. ಗೊಬ್ಬರಗಳು ಮಣ್ಣನ್ನು ಎಷ್ಟು ಉಪ್ಪಾಗಿಸುತ್ತವೆ ಎಂಬುದನ್ನು ಅಳೆಯಲು ಸೋಡಿಯಂ ನೈಟ್ರೇಟನ್ನು 100 ಎಂದಿಟ್ಟುಕೊಂಡ ಒಂದು ಸೂಚ್ಯಂಕವಿದೆ. ಅದರಲ್ಲಿ ಮ್ಯೂರಿಯೇಟ್‌ನ ಅಂಕ 116. ಸಲ್ಫೇಟ್ ಆಫ್ ಪೊಟ್ಯಾಷ್‌ನದು 46 ಮಾತ್ರ. ಮಳೆಯಾಶ್ರಿತ ಹೊಲಕ್ಕೆ ಮ್ಯೂರಿಯೇಟ್ ಹಾಕುವವರನ್ನು ತಡೆಯಬೇಕಾದ ಕಾರಣವಿಲ್ಲ, ಮಳೆ ಅದನ್ನು ನೋಡಿಕೊಳ್ಳುತ್ತದೆ. ಹಸಿರುಮನೆಗೆ ಮಾತ್ರ ಅದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾರಜನಕದ ಎರಡು ರೂಪಗಳು

ಗೊಬ್ಬರದ ಆಯ್ಕೆಯಲ್ಲಿ ಅತ್ಯಂತ ಸೂಕ್ಷ್ಮವಾದ ವಿಷಯ ಸಾರಜನಕದ್ದು. ಗಿಡದ ಬೇರು ಸಾರಜನಕವನ್ನು ಮುಖ್ಯವಾಗಿ ಎರಡು ರೂಪಗಳಲ್ಲಿ ಒಳಗೆ ಕರೆದುಕೊಳ್ಳುತ್ತದೆ: ಒಂದು ಅಮೋನಿಯಂ, ಇನ್ನೊಂದು ನೈಟ್ರೇಟ್. ಯೂರಿಯಾ ಹಾಕಿದರೆ ಅದು ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ. ಬಳಿಕ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಮಾರ್ಪಾಡು ನಡೆಯುವಾಗ ಮಣ್ಣಿನಲ್ಲಿ ಹುಳಿಯ ಅಂಶ, ಅರ್ಥಾತ್ ಆಮ್ಲ, ಬಿಡುಗಡೆಯಾಗುತ್ತದೆ. ನೂರು ಕಿಲೋ ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಆಮ್ಲವನ್ನು ತಣಿಸಲು ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಯೂರಿಯಾಕ್ಕೆ ಸುಮಾರು 80 ಕಿಲೋ. ಕ್ಯಾಲ್ಸಿಯಂ ನೈಟ್ರೇಟ್ ಇದಕ್ಕೆ ವಿರುದ್ಧ ಸ್ವಭಾವದ್ದು. ನೈಟ್ರೇಟನ್ನು ಹೀರುವ ಬೇರು ತನ್ನ ಸುತ್ತ ಕ್ಷಾರವನ್ನು ಬಿಡುವುದರಿಂದ ಮಣ್ಣು ಹುಳಿಯಾಗುವುದಿಲ್ಲ.

ಈ ಹುಳಿ ಏನು ಮಾಡಬಲ್ಲದು ಎಂಬುದನ್ನು ಚೀನಾ ದೇಶ ಕಂಡಿದೆ. ಅಲ್ಲಿನ ಶಾಂಡೊಂಗ್ ಪ್ರಾಂತದ ಶೌಗುವಾಂಗ್ ಪ್ರದೇಶದಲ್ಲಿ 1989ರಿಂದೀಚೆಗೆ ತರಕಾರಿಯ ಹಸಿರುಮನೆಗಳು ಅತಿ ವೇಗದಿಂದ ಹಬ್ಬಿ, ಆ ಭಾಗವೇ ದೇಶದ ತರಕಾರಿ ಕಣಜವೆನಿಸಿತು. ಹಣ ಬಂದಂತೆ ಗೊಬ್ಬರವೂ ಧಾರಾಳವಾಯಿತು. 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಚೀನೀ ವಿಜ್ಞಾನಿಗಳ ಅಧ್ಯಯನವು, 1980ರ ದಶಕದಿಂದ 2000ದ ದಶಕಕ್ಕೆ ಬರುವಷ್ಟರಲ್ಲಿ ಆ ದೇಶದ ಮುಖ್ಯ ಬೇಸಾಯ ಪ್ರದೇಶಗಳ ಮಣ್ಣು ಗಣನೀಯವಾಗಿ ಹುಳಿಯಾಗಿದೆ, ಅದಕ್ಕೆ ಸಾರಜನಕ ಗೊಬ್ಬರದ ಅತಿಬಳಕೆಯೇ ಮುಖ್ಯ ಕಾರಣ ಎಂದು ತೋರಿಸಿತು. ಹೊಲದ ಧಾನ್ಯಕ್ಕಿಂತ ತರಕಾರಿ, ಹಣ್ಣುಗಳ ಭೂಮಿಯಲ್ಲಿ ಈ ಕೆಡುಕು ಅಧಿಕ. ಪ್ರಕೃತಿಯಲ್ಲಿ ಶತಮಾನಗಳು ಹಿಡಿಯುವ ಬದಲಾವಣೆ ಅಲ್ಲಿ ಒಂದು ತಲೆಮಾರಿನೊಳಗೆ ಮುಗಿದುಹೋಗಿತ್ತು.

ಅಮೋನಿಯಂ ಹೆಚ್ಚಾದಾಗ ಟೊಮೆಟೊಗೆ ಬರುವ ಇನ್ನೊಂದು ಸಂಕಟವನ್ನು ಬೆಳೆಗಾರರು ಕಣ್ಣಾರೆ ಕಂಡಿರುತ್ತಾರೆ. ಕಾಯಿ ನಿಂಬೆಯ ಗಾತ್ರ ದಾಟುವಷ್ಟರಲ್ಲಿ ಅದರ ಬುಡ, ಎಂದರೆ ಹೂವು ಉದುರಿದ ತುದಿ, ನೀರು ಹತ್ತಿದಂತೆ ಮೆತ್ತಗಾಗಿ, ಕ್ರಮೇಣ ಕಪ್ಪಗೆ ಚರ್ಮದಂತೆ ಒಣಗುತ್ತದೆ. ಇದು ರೋಗವಲ್ಲ, ಯಾವ ಔಷಧಿ ಸಿಂಪಡಿಸಿದರೂ ಹೋಗುವುದಿಲ್ಲ. ಕಾಯಿಯ ತುದಿಗೆ ಸಾಕಷ್ಟು ಕ್ಯಾಲ್ಸಿಯಂ ತಲುಪದುದರ ಫಲವಿದು. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಹರಿವಿನೊಡನೆ ಮಾತ್ರ ಸಾಗುತ್ತದೆ. ಎಲೆಗಳು ಬಿಸಿಲಿಗೆ ನೀರನ್ನು ಆವಿ ಮಾಡುವುದರಿಂದ ಅವುಗಳ ಕಡೆಗೆ ಹರಿವು ಜೋರು. ಮೇಣದ ಸಿಪ್ಪೆಯ ಕಾಯಿ ಬೆವರುವುದೇ ಕಡಿಮೆ, ಅದರ ಕಡೆಗೆ ಹರಿವು ಮಂದ. ಎಲೆಗೆ ಒಮ್ಮೆ ಸೇರಿದ ಕ್ಯಾಲ್ಸಿಯಂ ಮರಳಿ ಕಾಯಿಗೆ ಬರುವುದಿಲ್ಲ. ಮಣ್ಣಿನಲ್ಲಿ ಅಮೋನಿಯಂ, ಪೊಟ್ಯಾಷ್‌ಗಳು ಮಿತಿಮೀರಿದರೆ ಬೇರಿನ ಬಾಗಿಲಲ್ಲಿಯೇ ಕ್ಯಾಲ್ಸಿಯಂಗೆ ತಡೆಯಾಗುತ್ತದೆ. ಉಪ್ಪು ಹೆಚ್ಚಾದರೆ ನೀರೇ ಒಳಗೆ ಬರುವುದಿಲ್ಲ. ಒಂದು ದಿನ ನೀರು ಕೊಟ್ಟು ಎರಡು ದಿನ ಮರೆತರೂ ಅದೇ ಗತಿ.

ಸುಣ್ಣದ ಕಲ್ಲುಗಳೇ ತುಂಬಿದ ಎರೆಮಣ್ಣಿನಲ್ಲಿಯೂ ಕಾಯಿಯ ಬುಡ ಕಪ್ಪಾಗುವ ವಿಚಿತ್ರಕ್ಕೆ ಇದೇ ಸಮಾಧಾನ. ಮನೆಯಲ್ಲಿ ಕಣಜ ತುಂಬಿದ್ದರೂ ಬೀಸಿ ಬೇಯಿಸುವವರಿಲ್ಲದಿದ್ದರೆ ಮಗುವಿಗೆ ಹಸಿವೇ ತಾನೆ? ಇಂತಹ ಸಮಯದಲ್ಲಿ ಅನೇಕರು ಇಳುವರಿ ಕುಗ್ಗುತ್ತಿದೆಯೆಂದು ಇನ್ನೊಂದು ಕಂತು ಯೂರಿಯಾ ಹರಿಸುತ್ತಾರೆ. ಗಿಡ ಕಡುಹಸಿರಾಗಿ ಚಿಗುರುತ್ತದೆ, ನೋಡಿದವರು ಹೊಗಳುತ್ತಾರೆ. ಕಾಯಿಗಳು ಮಾತ್ರ ಮೊದಲಿಗಿಂತ ಹೆಚ್ಚು ಕಪ್ಪಾಗುತ್ತವೆ. ಎಲೆಯ ಸೊಂಪನ್ನು ಕಂಡು ಬೆಳೆಯ ಭಾಗ್ಯವನ್ನು ಅಳೆಯುವುದು ಟೊಮೆಟೊ ವಿಷಯದಲ್ಲಿ ಎಂದೂ ನಡೆಯದು.

ಹಾಗೆಂದು ಅಮೋನಿಯಂ ವಿಷವೇನೂ ಅಲ್ಲ. ಕೊಡುವ ಸಾರಜನಕದಲ್ಲಿ ಹತ್ತನೆಯ ಒಂದು ಪಾಲಿನಷ್ಟು ಅದು ಇದ್ದರೆ ಗಿಡಕ್ಕೆ ಹಿತವೇ. ಧಾರವಾಡ, ಗದಗ, ವಿಜಯಪುರಗಳ ಕ್ಷಾರಗುಣದ ಎರೆಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದ ಚಿಗುರು ಹಳದಿಯಾಗುವುದುಂಟು. ಅಲ್ಲಿ ಅಮೋನಿಯಂ ಸಲ್ಫೇಟ್ ತರುವ ಹುಳಿ ಬೇರಿನ ಬಳಿ ಕಬ್ಬಿಣವನ್ನು ಕರಗಿಸಿ ಉಪಕಾರ ಮಾಡುತ್ತದೆ, ಗಂಧಕವೂ ದೊರೆಯುತ್ತದೆ. ಅದೇ ಗೊಬ್ಬರ ಕೋಲಾರ, ಚಿಕ್ಕಬಳ್ಳಾಪುರಗಳ ಕೆಂಪು ಮಣ್ಣಿನಲ್ಲಿ, ಅದರಲ್ಲಿಯೂ ಮೊದಲೇ ತುಸು ಹುಳಿಯಾಗಿರುವ ನೆಲದಲ್ಲಿ, ಕೆಲವೇ ವರ್ಷಗಳಲ್ಲಿ ಕೇಡು ತರುತ್ತದೆ. ಟೊಮೆಟೊಗೆ ಹಿತವಾದ ರಸಸಾರ 6ರಿಂದ 6.8. ಪಕ್ಕದ ಜಿಲ್ಲೆಯ ನೆಂಟರು ಹಾಕಿ ಗೆದ್ದ ಗೊಬ್ಬರವನ್ನೇ ನಮ್ಮ ಮಣ್ಣಿಗೂ ತಂದು ಸುರಿಯುವ ಮೊದಲು ಈ ಒಂದು ಅಂಕಿಯನ್ನು ನೋಡಿಕೊಳ್ಳಬೇಕು.

ಅಗ್ಗದ ಚೀಲ, ದುಬಾರಿ ಚೀಲ

ಇಷ್ಟೆಲ್ಲ ತಿಳಿದರೂ ರೈತನ ಕೈ ಯೂರಿಯಾ ಕಡೆಗೇ ಹೋಗಲು ಕಾರಣ ಬೆಲೆ. 45 ಕಿಲೋ ಯೂರಿಯಾ ಚೀಲಕ್ಕೆ ಬೇವಿನ ಲೇಪನದ ವೆಚ್ಚ, ತೆರಿಗೆಗಳನ್ನು ಬಿಟ್ಟು ಸರ್ಕಾರ ಗೊತ್ತುಪಡಿಸಿದ ದರ 242 ರೂಪಾಯಿ. 33 ಕಿಲೋ ಸಾರಜನಕಕ್ಕೆ ಎರಡು ಚೀಲವೂ ಪೂರ್ತಿ ಬೇಡ. ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್‌ಗಳಿಗೆ ಇದರ ಹಲವು ಪಟ್ಟು ತೆರಬೇಕು. ಮನೆಯ ಖರ್ಚಿನ ಪುಸ್ತಕ ಬರೆಯುವ ತಾಯಂದಿರಿಗೆ ಈ ವ್ಯತ್ಯಾಸ ತಟ್ಟನೆ ಕಣ್ಣಿಗೆ ಬೀಳುತ್ತದೆ. ಆದರೆ ಹಸಿರುಮನೆಯ ಒಟ್ಟು ಖರ್ಚಿನಲ್ಲಿ ಕಟ್ಟಡ, ಸಾಲದ ಬಡ್ಡಿ, ಸಸಿ, ಕೂಲಿಗಳ ಮುಂದೆ ಗೊಬ್ಬರದ ಪಾಲು ಚಿಕ್ಕದು. ಬುಡ ಕಪ್ಪಾಗಿ ಬಿಸಾಡಿದ ಕಾಯಿಗಳ ತೂಕವನ್ನು ಒಂದು ಹಂಗಾಮಿನಲ್ಲಾದರೂ ಬರೆದಿಟ್ಟು ನೋಡಿದ ಮನೆಯವರು ಮತ್ತೆ ಅಗ್ಗದ ಚೀಲದ ಮಾತೆತ್ತುವುದು ಕಷ್ಟ.

ಒಂದು ಲೆಕ್ಕವನ್ನು ಉದಾಹರಣೆಗೆ ಕೊಡುತ್ತೇನೆ. 100 ಕಿಲೋ ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ 15.5 ಕಿಲೋ ಸಾರಜನಕ ಮತ್ತು 18 ಕಿಲೋಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. 100 ಕಿಲೋ ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ 13 ಕಿಲೋ ಸಾರಜನಕ, 45 ಕಿಲೋ ಪೊಟ್ಯಾಷ್. ಇವುಗಳ ಜೊತೆಗೆ 12:61:0 ಗೊಬ್ಬರ 15 ಕಿಲೋ, ಸಲ್ಫೇಟ್ ಆಫ್ ಪೊಟ್ಯಾಷ್ 20 ಕಿಲೋ ಸೇರಿದರೆ ಒಟ್ಟು ಸುಮಾರು 30 ಕಿಲೋ ಸಾರಜನಕ, 9 ಕಿಲೋ ರಂಜಕ, 55 ಕಿಲೋ ಪೊಟ್ಯಾಷ್ ಆಗುತ್ತದೆ. ಬೆಳೆ ಕೇಳಿದ್ದಕ್ಕೆ ಬಹುತೇಕ ಸರಿಹೊಂದುವ ಊಟವಿದು. ಕ್ಲೋರೈಡ್ ಇಲ್ಲ, ವ್ಯರ್ಥ ರಂಜಕವಿಲ್ಲ. ಇದು ಲೆಕ್ಕದ ಮಾದರಿಯೇ ಹೊರತು ಎಲ್ಲರಿಗೂ ಬರೆದುಕೊಟ್ಟ ಚೀಟಿಯಲ್ಲ. ಮಣ್ಣಿನಲ್ಲಿ ಮೊದಲೇ ಇರುವುದನ್ನೂ ಕೊಟ್ಟಿಗೆ ಗೊಬ್ಬರದಿಂದ ಬರುವುದನ್ನೂ ಇದರಿಂದ ಕಳೆಯಬೇಕು. ಅಲ್ಲದೆ ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಅಥವಾ ಸಲ್ಫೇಟ್ ಇರುವ ಗೊಬ್ಬರದೊಡನೆ ಒಂದೇ ತೊಟ್ಟಿಯಲ್ಲಿ ಕದಡಬಾರದು. ಕದಡಿದರೆ ಜಿಪ್ಸಂ ಮತ್ತು ರಂಜಕದ ಸುಣ್ಣ ಗಸಿಯಾಗಿ ತಳ ಸೇರಿ ಹನಿ ಕೊಳವೆಗಳ ಬಾಯಿ ಮುಚ್ಚಿಬಿಡುತ್ತವೆ. ಬೇರೆ ಬೇರೆ ತೊಟ್ಟಿ, ಬೇರೆ ಬೇರೆ ದಿನ ಎಂಬ ನಿಯಮವಿಟ್ಟುಕೊಳ್ಳುವುದು ಸುಲಭ.

ಈ ಎಲ್ಲವನ್ನೂ ಒಂದೇ ಸಾರಿ ಕೊಡುವುದಲ್ಲ, ವಾರಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮೊದಲ ಹೂಗೊಂಚಲು ಕಾಣುವವರೆಗೆ ಪೊಟ್ಯಾಷ್ ಮಿತವಾಗಿರಲಿ. ಕಾಯಿ ಕಚ್ಚಿದ ಮೇಲೆ ಸಾರಜನಕದ ಒಂದೂವರೆ ಪಟ್ಟಿಗೂ ಏರಲಿ. ಪೊಟ್ಯಾಷ್ ಏರಿದಂತೆ ಮೆಗ್ನೀಷಿಯಂ ಹಿಂದೆ ಸರಿಯುತ್ತದೆ. ಕೆಳಗಿನ ಎಲೆಗಳಲ್ಲಿ ನರಗಳು ಹಸಿರಾಗಿಯೇ ಇದ್ದು ನಡುವಣ ಭಾಗ ಹಳದಿಯಾದರೆ ಮೆಗ್ನೀಷಿಯಂ ಸಲ್ಫೇಟ್ ಬೇಕೆಂದು ತಿಳಿಯಬೇಕು.

ಕೊಟ್ಟಿಗೆ ಗೊಬ್ಬರದ ಪಾಲು

ಹಿರಿಯರು ತಿಪ್ಪೆಗೊಬ್ಬರ ಹಾಕು ಎನ್ನುತ್ತಾರೆ, ಕಿರಿಯರು ಕರಗುವ ಗೊಬ್ಬರದ ಪಟ್ಟಿ ತೋರಿಸುತ್ತಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ಎರಡು ಕೆಲಸಗಳು ಬೇರೆ ಬೇರೆ ಎಂಬುದನ್ನು ಮಾತ್ರ ಇಬ್ಬರೂ ಮರೆಯುತ್ತಾರೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಟನ್ನಿನಲ್ಲಿ ಸುಮಾರು 5 ಕಿಲೋ ಸಾರಜನಕ, 2 ಕಿಲೋ ರಂಜಕ, 5 ಕಿಲೋ ಪೊಟ್ಯಾಷ್ ಇರುತ್ತದೆ. ಮೊದಲ ಹಂಗಾಮಿನಲ್ಲಿ ಇದರ ಸಾರಜನಕದ ಮೂರನೆಯ ಒಂದು ಪಾಲು ಮಾತ್ರ ಬೆಳೆಗೆ ಒದಗುತ್ತದೆ. ಹತ್ತು ಗುಂಟೆಗೆ 3 ಟನ್ ಹಾಕಿದರೂ 12 ಟನ್ ಹಣ್ಣಿನ ಹಸಿವು ಇದರಿಂದಲೇ ತೀರುವುದಿಲ್ಲ. ಆದರೆ ಇದು ಮಾಡುವ ಕೆಲಸವನ್ನು ಯಾವ ಚೀಲವೂ ಮಾಡಲಾರದು. ಮಣ್ಣು ಸಡಿಲವಾಗುತ್ತದೆ, ನೀರು ಹಿಡಿಯುತ್ತದೆ, ರಸಸಾರ ಥಟ್ಟನೆ ಏರಿಳಿಯದಂತೆ ತಡೆಯುತ್ತದೆ, ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಜೀವಾಣುಗಳಿಗೆ ನೆಲೆಯಾಗುತ್ತದೆ. ಬೇವಿನ ಹಿಂಡಿ ಸೇರಿಸಿದರೆ ಹಸಿರುಮನೆಯ ಬೆಚ್ಚನೆಯ ಮಣ್ಣಿನಲ್ಲಿ ಬೇಗ ಹೆಚ್ಚುವ ಬೇರುಗಂಟು ಜಂತುಹುಳುವಿನ ಕಾಟವೂ ಕಡಿಮೆಯಾಗುತ್ತದೆ.

ಸಾವಯವವಾದ ಮಾತ್ರಕ್ಕೆ ಎಷ್ಟು ಹಾಕಿದರೂ ಸರಿ ಎಂಬುದು ಇನ್ನೊಂದು ಭ್ರಮೆ. ಕೋಳಿ ಗೊಬ್ಬರ ಒಂದು ಟನ್ನಿನಲ್ಲಿ ಸುಮಾರು 30 ಕಿಲೋ ಸಾರಜನಕವಿದ್ದರೆ ರಂಜಕವೂ 26 ಕಿಲೋ ಇರುತ್ತದೆ. ಡಿಎಪಿಯ ಕಥೆಯೇ ಇಲ್ಲಿಯೂ. ಮೇಲಾಗಿ ಹಸಿ ಕೋಳಿ ಗೊಬ್ಬರವನ್ನಾಗಲಿ, ಕಳಿಯದ ಸಗಣಿಯನ್ನಾಗಲಿ, ಮಣ್ಣಿನ ಮೇಲೆಯೇ ಚೆಲ್ಲಿದ ಯೂರಿಯಾವನ್ನಾಗಲಿ ಮುಚ್ಚಿದ ಮನೆಯೊಳಗೆ ಬಿಟ್ಟರೆ ಅದರಿಂದೇಳುವ ಅಮೋನಿಯಾ ಅನಿಲಕ್ಕೆ ಹೊರಹೋಗಲು ದಾರಿಯಿಲ್ಲ. ಬೆಳಗ್ಗೆ ಬಾಗಿಲು ತೆರೆದಾಗ ಮೂಗಿಗೆ ಘಾಟು ಬಡಿದರೆ, ಮರುದಿನ ಎಲೆಗಳ ಅಂಚು ಸುಟ್ಟಂತೆ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ನಾಟಿಗೆ ಬಹು ಮುಂಚೆಯೇ ಗೊಬ್ಬರವನ್ನು ಹೊರಗೆ ಗುಂಡಿಯಲ್ಲಿ ಕಳಿಸಿ ತರುವುದೇ ಲೇಸು.

ಪರೀಕ್ಷೆ ಮತ್ತು ತೊಳೆಯುವಿಕೆ

2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿ ಅನೇಕ ಮನೆಗಳ ಕಪಾಟಿನಲ್ಲಿ ಇರಬಹುದು. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ ಎಂದು 12 ಅಂಶಗಳಿವೆ. ಟೊಮೆಟೊ ಬೆಳೆಗಾರನಿಗೆ ಅತ್ಯಗತ್ಯವಾದ ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ಅಲ್ಲಿಲ್ಲ. ನೀರಾವರಿ ಭೂಮಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯುವ ಯೋಜನೆ ಅದು. ಆರು ಎಕರೆಯ ಮಣ್ಣಿನ ಸರಾಸರಿ ಕಥೆಯನ್ನು ಹೇಳುವ ಚೀಟಿ ಹತ್ತು ಗುಂಟೆಯ ಹಾಳೆಯ ಕೆಳಗೆ ನಡೆಯುವುದನ್ನು ಹೇಳಲಾರದು. ಆದುದರಿಂದ ಹಸಿರುಮನೆಯ ಮಣ್ಣನ್ನು ಪ್ರತಿ ಬೆಳೆಯ ಬಳಿಕ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಬೇಕು. ಹತ್ತು ಹದಿನೈದು ಕಡೆ, ಹನಿ ಬೀಳುವ ಜಾಗ, ಮಡಿಯ ಅಂಚು ಎರಡರಿಂದಲೂ, 15 ಸೆಂಟಿಮೀಟರು ಆಳದವರೆಗೆ ಮಣ್ಣು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕಳುಹಿಸಿದರೆ ಸಾಕು. ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನೂ ನೋಡಬೇಕೆಂದು ಚೀಟಿಯಲ್ಲಿ ಬರೆದು ಕೇಳಬೇಕು. ಕೃಷಿ ವಿಜ್ಞಾನ ಕೇಂದ್ರ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗಳಲ್ಲಿ ಈ ಬಗೆಗೆ ವಿಚಾರಿಸಬಹುದು.

ಉಪ್ಪೇರಿದ ಮಣ್ಣನ್ನು ಬಿಟ್ಟು ತೆಂಗಿನ ನಾರಿನ ಪುಡಿಯ ಚೀಲಗಳಲ್ಲಿ ಬೆಳೆಯುವವರೂ ಇದ್ದಾರೆ. ಹಾಲೆಂಡಿನವರು 1970ರ ದಶಕದಿಂದಲೇ ಮಣ್ಣನ್ನು ತೊರೆದು ಕಲ್ಲುನಾರಿನ ಹಾಸಿಗೆಗೆ ಹೋದರು. ಅದು ಬೇರೆಯೇ ವಿದ್ಯೆ, ಬೇರೆಯೇ ಬಂಡವಾಳ. ಮಣ್ಣಿನಲ್ಲಿಯೇ ಬೆಳೆಯುವವರಿಗೆ ಉಳಿದಿರುವ ದಾರಿ ಮೂರು. ಬಿಳಿಯ ಪದರವನ್ನು ಕೆರೆದು ಹೊರಗೆ ಹಾಕುವುದು ಮೊದಲನೆಯದು. ಬೆಳೆ ಮುಗಿದ ಮೇಲೆ ಮೇವಿನ ಜೋಳವನ್ನು ದಟ್ಟವಾಗಿ ಬಿತ್ತಿ, ಉಳಿದ ನೈಟ್ರೇಟನ್ನು ಅದರಿಂದ ಹೀರಿಸಿ ಕೊಯ್ದು ಹೊರಗೆ ಸಾಗಿಸುವುದು ಎರಡನೆಯದು. ಇಂತಹ ಮೇವಿನಲ್ಲಿ ನೈಟ್ರೇಟ್ ತುಂಬಿರುವುದುಂಟು, ಎಳೆಯ ಜೋಳದಲ್ಲಿ ಸ್ವತಃ ವಿಷಾಂಶವಿರುತ್ತದೆ. ಕೊಟ್ಟಿಗೆಯ ದನಕ್ಕೆ ಹಾಕದೆ ಕಾಂಪೋಸ್ಟ್ ಗುಂಡಿಗೆ ಹಾಕುವುದು ಕ್ಷೇಮ.

ಮೂರನೆಯದು ಮಳೆ. ಹಸಿರುಮನೆಯ ಹಾಳೆ ಬಿಸಿಲಿಗೆ ಮಸುಕಾಗಿ ಮೂರರಿಂದ ಐದು ವರ್ಷಗಳಲ್ಲಿ ಬದಲಾಯಿಸಲೇಬೇಕಾಗುತ್ತದೆ. ಹಳೆಯ ಹಾಳೆ ತೆಗೆದ ದಿನವೇ ಹೊಸದನ್ನು ಹೊದಿಸುವ ಆತುರ ಬೇಡ. ಮುಂಗಾರಿಗೆ ಮೊದಲು ತೆಗೆದು, ನೀರು ಬಸಿದು ಹೋಗಲು ಕಾಲುವೆ ತೋಡಿ, ಒಂದು ಮಳೆಗಾಲವನ್ನು ಆ ಮಣ್ಣಿಗೆ ಬಿಡಬೇಕು. ಒಂದು ಹಂಗಾಮಿನ ಆದಾಯ ಕೈಬಿಡುವುದು ನಿಜ. ಕಂತಿನ ದಿನಾಂಕವನ್ನು ಬ್ಯಾಂಕಿನವರೊಡನೆ ಮೊದಲೇ ಮಾತನಾಡಿಕೊಂಡಿರಬೇಕು. ಹೊಸ ಹಾಳೆ ಏರುವ ಮುನ್ನ ಮಣ್ಣಿನ ಮಾದರಿಯನ್ನು ಮತ್ತೊಮ್ಮೆ ತೆಗೆದು ಕಳುಹಿಸಿ, ಹಿಂದಿನ ವರದಿಯ ಪಕ್ಕದಲ್ಲಿಟ್ಟು ಲವಣದ ಅಂಕಿ ಎಷ್ಟು ಇಳಿದಿದೆ ಎಂದು ನೋಡಿದ ನಂತರವೇ ಮುಂದಿನ ಬೆಳೆಯ ಗೊಬ್ಬರಕ್ಕೆ ಅಂಗಡಿಯ ಮೆಟ್ಟಿಲು ಹತ್ತುವುದು.